ಭೈರುಂಬೆಯ ನಡುಗಡ್ಡೆಯಲ್ಲೊಂದು ಅಚ್ಚಿನ ಮನೆ

ಮಾಘಮಾಸದ ಭರತ ಹುಣ್ಣಿಮೆಗೆ ಉಳವಿಯ ಚೆನ್ನಬಸವೇಶ್ವರ ಜಾತ್ರೆಗೆ ಹೋಗುವ ನಮ್ಮ ಭಕ್ತ ಕುಟುಂಬಗಳಲ್ಲಿ ಹಲವರು ಮರಳುವಾಗ ಯಲ್ಲಾಪುರದಿಂದ ಶಿರಸಿಯ ದಾರಿ ಹಿಡಿಯುವುದುಂಟು. ಆ ದಾರಿಯಲ್ಲಿ ಶಿರಸಿಗೆ ಇನ್ನು ಸುಮಾರು 15 ಕಿ.ಮೀ. ಇರುವಾಗ ಹುಳಗೋಳ, ಭೈರುಂಬೆ ಎಂಬ ಊರುಗಳು ಸಿಗುತ್ತವೆ. ಸಹಸ್ರಲಿಂಗವನ್ನು ನೋಡಬೇಕೆನ್ನುವವರು ಅಲ್ಲಿ ಮುಖ್ಯ ರಸ್ತೆಯನ್ನು ಬಿಟ್ಟು ಶಾಲ್ಮಲೆಯ ಕಡೆಗೆ ಇಳಿಯುತ್ತಾರೆ. ಲಿಂಗಗಳಿಗೆ ಕೈಮುಗಿದು, ತೂಗುಸೇತುವೆಯ ಮೇಲೆ ಅಡ್ಡಾಡಿ, ಮಕ್ಕಳ ಕಾಲು ಒದ್ದೆಯಾದ ಮೇಲೆ ಮತ್ತೆ ಬಸ್ಸನ್ನೋ ಕಾರನ್ನೋ ಏರುತ್ತಾರೆ. ಭೈರುಂಬೆಯ ತೋಟಗಳ ನಡುವೆ, ಆ ಲಿಂಗಗಳನ್ನೇ ಮರದ ಹಲಗೆಯಲ್ಲಿ ಕೆತ್ತಿ ಕಾಗದದ ಮೇಲೆ ಅಚ್ಚೊತ್ತುವ ಕಲಾವಿದರೊಬ್ಬರ ಮನೆಯಿದೆಯೆಂಬುದು ದಾರಿಹೋಕರಿಗೆ ತಿಳಿಯದು. ಶಿರಸಿಯ ಭಕ್ತರೊಬ್ಬರು ಕರೆದೊಯ್ದದ್ದರಿಂದ ನಮಗೆ ಆ ಮನೆಯ ದರ್ಶನ ಲಭಿಸಿತು. ತಮ್ಮ ಹೆಸರನ್ನು ಪತ್ರಿಕೆಯಲ್ಲಿ ಬರೆಯಬಾರದೆಂದು ಮನೆಯವರು ಕೇಳಿಕೊಂಡ ಕಾರಣ, ಈ ಲೇಖನದಲ್ಲಿ ಅವರನ್ನು ಕಲಾವಿದರೆಂದೇ ಕರೆಯುತ್ತೇವೆ.

ಮೊದಲು ಹೊಳೆಯ ಮಾತು. ಶಾಲ್ಮಲೆಯ ಪಾತ್ರದಲ್ಲಿ ಚದುರಿ ನಿಂತ ಬಂಡೆಗಳ ಮೇಲೆ ಹಿರಿದು ಕಿರಿದಾದ ಲಿಂಗಗಳನ್ನೂ ಅವುಗಳ ಎದುರಿಗೆ ನಂದಿಗಳನ್ನೂ ಕಡೆದಿದ್ದಾರೆ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಸೋದೆಯನ್ನಾಳಿದ ಸದಾಶಿವರಾಯನು ಇವನ್ನು ಮಾಡಿಸಿದನೆಂಬುದು ಪ್ರತೀತಿ. ಈತನು ಸ್ವರವಚನಗಳನ್ನು ರಚಿಸಿದ ಅರಸುಕವಿಯಾದುದರಿಂದ ನಮ್ಮ ಸಾಹಿತ್ಯಾಭ್ಯಾಸಿಗಳಿಗೂ ಪರಿಚಿತನು. 1763ರ ಸುಮಾರಿಗೆ ಹೈದರಾಲಿಯ ದಾಳಿಗೆ ಸೋದೆ ಬಿದ್ದಿತು. ಅರಸು ಮನೆತನವು ಗೋವೆಯ ಕಡೆಗೆ ವಲಸೆ ಹೋಯಿತು. ರಾಜ್ಯ ಹೋದರೂ ಹೊಳೆಯೊಳಗಿನ ಕೆತ್ತನೆ ಉಳಿಯಿತು. ಇಂಥ ಕೆತ್ತನೆ ಹಂಪೆಯ ತುಂಗಭದ್ರೆಯ ಬಂಡೆಗಳ ಮೇಲೆಯೂ ಉಂಟು. ದೂರದ ಕಾಂಬೋಡಿಯದಲ್ಲಿ ಕ್ಬಾಲ್ ಸ್ಪಿಯನ್ ಎಂಬ ಹೊಳೆಯ ತಳದಲ್ಲಿ ಹನ್ನೊಂದನೆಯ ಶತಮಾನದ ಲಿಂಗಗಳು ಸಾಲುಸಾಲಾಗಿ ನೀರಿನಡಿ ಮಲಗಿವೆ. ಮಳೆಗಾಲದಲ್ಲಿ ಶಾಲ್ಮಲೆಯು ಈ ಲಿಂಗಗಳ ಮೇಲೆ ತುಂಬಿ ಹರಿಯುತ್ತದೆ. ಕಾರ್ತಿಕ ಕಳೆದು ನೀರಿಳಿದ ಮೇಲೆ ಒಂದೊಂದಾಗಿ ತಲೆಯೆತ್ತುತ್ತವೆ. ಪ್ರತಿ ವರ್ಷವೂ ನೀರು ಕಲ್ಲನ್ನು ಒಂದಿಷ್ಟು ಸವೆಸುತ್ತದೆ. ಈ ಸವೆತದ ವಿಚಾರ ಮುಂದೆ ಮತ್ತೆ ಬರಲಿದೆ.

ಹೊಳೆಯಿಂದ ಹಿಂದಿರುಗಿ ಭೈರುಂಬೆಯ ಒಳದಾರಿಯಲ್ಲಿ ಸ್ವಲ್ಪ ದೂರ ನಡೆದೆವು. ಎರಡು ಸೊಪ್ಪಿನ ಬೆಟ್ಟಗಳ ನಡುವಣ ಕಣಿವೆಯಲ್ಲಿ ಅಡಿಕೆಯ ತೋಟ. ತೋಟದ ತಲೆಯಲ್ಲಿ ಒಂದು ಸಣ್ಣ ಹಳ್ಳ. ಈ ಹಳ್ಳವು ಕಲಾವಿದರ ಮನೆಯ ಹಿಂದೆ ಎರಡಾಗಿ ಸೀಳಿ ಮುಂದೆ ಮತ್ತೆ ಕೂಡಿಕೊಳ್ಳುತ್ತದೆ. ಮಾಘದಲ್ಲಿ ಒಂದು ಕವಲು ಬತ್ತಿ, ಇನ್ನೊಂದರಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಆದರೆ ವರ್ಷಕ್ಕೆ ಎರಡು ಸಾವಿರ ಮಿ.ಮೀ.ಗೂ ಮೀರಿ ಮಳೆ ಸುರಿಯುವ ಸೀಮೆಯಿದು. ಆಷಾಢ ಶ್ರಾವಣಗಳಲ್ಲಿ ಎರಡೂ ಕವಲುಗಳು ತುಂಬಿ, ಮನೆ, ಕೊಟ್ಟಿಗೆ, ಅಂಗಳಗಳೆಲ್ಲ ನಡುಗಡ್ಡೆಯಾಗುತ್ತವೆ. ಆಗ ಹೊರಲೋಕಕ್ಕೆ ಇರುವುದು ಅಡಿಕೆಯ ಮರಗಳನ್ನು ಜೋಡಿಸಿ ಹಾಕಿದ ಒಂದು ಸಂಕ ಮಾತ್ರ. ನಾವು ಅದರ ಮೇಲೆಯೇ ದಾಟಿದೆವು. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಜಗುಲಿಯ ಕೆಮ್ಮಣ್ಣಿನ ಗೋಡೆಯ ಮೇಲೆ ಶೇಡಿಯಿಂದ ಬರೆದ ಹಸೆ. ಅದರ ಪಕ್ಕದಲ್ಲಿ ಕಪ್ಪು ಬಿಳುಪಿನ ಹತ್ತಾರು ಅಚ್ಚಿನ ಚಿತ್ರಗಳು. ಮನೆಯೊಡತಿ ತಂದುಕೊಟ್ಟ ಮುರುಗಲ ಪಾನಕವನ್ನು ಕುಡಿಯುತ್ತ ಅವನ್ನು ನೋಡತೊಡಗಿದೆವು.

ಕಲಾವಿದರು ಅರವತ್ತರ ಸಮೀಪದವರು. ಧಾರವಾಡದಲ್ಲಿ ಚಿತ್ರಕಲೆಯ ಮೊದಲ ಪಾಠ. ಆ ಊರಿನಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲಿ ಕಟ್ಟಿದ ಕಲಾಶಾಲೆಯ ಪರಂಪರೆಯನ್ನು ನಮ್ಮ ಓದುಗರು ಬಲ್ಲರು. ಮುಂದೆ ಬೆಂಗಳೂರಿನಲ್ಲಿ ಅಚ್ಚಿನ ಕಲೆಯನ್ನು ಕಲಿತರು. ತಂದೆಯವರು ತೀರಿಕೊಂಡಾಗ ಎರಡು ಎಕರೆ ತೋಟವನ್ನು ನೋಡಿಕೊಳ್ಳಲು ಊರಿಗೆ ಮರಳಿದರು. ಕೊಟ್ಟಿಗೆಯ ಮೇಲಣ ಅಟ್ಟವೇ ಅವರ ಕಾರ್ಯಶಾಲೆ. ಅಲ್ಲಿ ಯಂತ್ರವಿಲ್ಲ. ಒಂದು ಗಾಜಿನ ಹಲಗೆ, ರಬ್ಬರಿನ ರೋಲರ್, ಹದಿನೈದಿಪ್ಪತ್ತು ಉಳಿಗಳು, ಸಾಗುವಾನಿಯ ಹಲಗೆಗಳು ಮತ್ತು ಹಳೆಯ ಮನೆಗಳನ್ನು ಕೆಡವಿದಾಗ ಸಿಕ್ಕ ಹಲಸಿನ ಬಾಗಿಲುಗಳ ತುಂಡುಗಳು. ಇಷ್ಟೇ ಅವರ ಸಂಪತ್ತು.

ಅಚ್ಚಿನ ಚಿತ್ರವೆಂದರೆ ಏನೆಂಬುದನ್ನು ಅವರು ನಮಗೆ ಕೆಲಸ ಮಾಡುತ್ತಲೇ ತೋರಿಸಿದರು. ತೆಳುವಾದ ಕಾಗದದ ಮೇಲೆ ಚಿತ್ರ ಬರೆದು ಅದನ್ನು ಬೋರಲಾಗಿ ಹಲಗೆಗೆ ಅಂಟಿಸುತ್ತಾರೆ. ಹೀಗೆ ತಿರುಗಿಸದಿದ್ದರೆ ಅಚ್ಚಿನಲ್ಲಿ ಶಾಲ್ಮಲೆಯು ಬಲದಿಂದ ಎಡಕ್ಕೆ ಹರಿಯುವ ಬದಲು ಎಡದಿಂದ ಬಲಕ್ಕೆ ಹರಿದೀತು, ಅಕ್ಷರವಿದ್ದರೆ ಅದೂ ತಿರುವುಮುರುವಾದೀತು. ಬಳಿಕ ಎಲ್ಲಿ ಬಿಳುಪು ಬೇಕೋ ಅಲ್ಲಿ ಮರವನ್ನು ಉಳಿಯಿಂದ ತೆಗೆಯುತ್ತಾರೆ. ಕೆತ್ತದೆ ಉಳಿಸಿದ ಭಾಗವೇ ಕಪ್ಪಾಗಿ ಮೂಡುವುದು. ಗಾಜಿನ ಮೇಲೆ ಮಸಿಯನ್ನು ಹದವಾಗಿ ಹರಡಿ, ರೋಲರಿನಿಂದ ಹಲಗೆಗೆ ಹಚ್ಚಿ, ಅದರ ಮೇಲೆ ಕಾಗದವನ್ನಿಟ್ಟು ಬೆನ್ನಿನಿಂದ ಉಜ್ಜುತ್ತಾರೆ. ಜಪಾನಿನಲ್ಲಿ ಹೀಗೆ ಉಜ್ಜಲು ಬಿದಿರಿನ ಹೊರಪೊರೆ ಸುತ್ತಿದ ದುಂಡನೆಯ ಬಿಲ್ಲೆಯನ್ನು ಬಳಸುವರು. ಇವರು ತೆಂಗಿನ ನಾರಿನ ಬಿಲ್ಲೆಗೆ ಒಣಗಿದ ಅಡಿಕೆ ಹಾಳೆಯನ್ನು ಬಿಗಿದು ಅದೇ ಕೆಲಸ ಮಾಡಿಕೊಂಡಿದ್ದಾರೆ. ಉಜ್ಜಿ ಮುಗಿದ ಮೇಲೆ ಒಂದು ಮೂಲೆಯಿಂದ ಕಾಗದವನ್ನು ಮೆಲ್ಲಗೆ ಎತ್ತುವುದು ಮನೆಯೊಡತಿಯ ಕೆಲಸ. ಆಕೆಯ ಕೈಯಲ್ಲಿ ಮಸಿಯ ಕಲೆಯೇ ಇರಲಿಲ್ಲ. "ಮಸಿಯ ಕೈ ಇವರದು, ಕಾಗದದ ಕೈ ನನ್ನದು. ಎರಡೂ ಒಬ್ಬರದೇ ಆದರೆ ಚಿತ್ರ ಹಾಳು" ಎಂದು ನಕ್ಕರು.

ಋತುಮಾನಕ್ಕೂ ಈ ಕಾಯಕಕ್ಕೂ ನಂಟುಂಟು. ಮಳೆಗಾಲದಲ್ಲಿ ಕಾಗದ ತಂಡಿ ಹಿಡಿದು ಬೂಷ್ಟು ಬರುತ್ತದೆ, ಮಸಿ ಒಣಗುವುದಿಲ್ಲ. ಆದ್ದರಿಂದ ನಡುಗಡ್ಡೆಯಾಗಿರುವ ಆ ತಿಂಗಳುಗಳೆಲ್ಲ ಕೆತ್ತನೆಗೆ ಮೀಸಲು. ಕೊನೆಕೊಯ್ಲು ಮುಗಿದು ಬಿಸಿಲು ಬಲಿತ ಮೇಲೆ ಅಚ್ಚು ತೆಗೆಯುವುದು. ಕಾಗದದ ಕಟ್ಟುಗಳನ್ನು ಒಲೆಯ ಮೇಲಣ ಅಟ್ಟದಲ್ಲಿ ಬೆಚ್ಚಗೆ ಇಡುತ್ತಾರೆ. ಹೀಗೆ ವರ್ಷಕ್ಕೆ ಎರಡೋ ಮೂರೋ ಹಲಗೆ ಸಿದ್ಧವಾದರೆ ಹೆಚ್ಚು.

ಮಠದ ಭಂಡಾರದಲ್ಲಿ ತಾಳೆಗರಿಯ ಕಟ್ಟುಗಳ ನಡುವೆ ಬೆಳೆದ ನಮಗೆ ಅಚ್ಚು ಎಂಬ ಶಬ್ದದ ಮೇಲೆ ಮೊದಲಿನಿಂದಲೂ ಗೌರವ. ಒಂದೇ ಪ್ರತಿಯಾಗಿ ಉಳಿದ ಗ್ರಂಥಕ್ಕೆ ಗೆದ್ದಲು ತಾಗಿದರೆ ಆ ಕವಿಗೆ ಎರಡನೆಯ ಮರಣ. ಕನ್ನಡ ನಾಡಿನಲ್ಲಿ ಅಚ್ಚು ಬೇರೂರಿದ್ದು ಕಲ್ಲಿನ ಮೂಲಕ: ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು, ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದುದು ಕಲ್ಲಚ್ಚಿನಿಂದಲೇ. ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಪ್ರಕಟಿಸಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭಿಸಿದ ಕಥೆ ನಮ್ಮ ಮನೆಮನೆಗೂ ಗೊತ್ತು. ಆ ಮುದ್ರಣಾಲಯಕ್ಕಾಗಿ ಅವರು ಸ್ವಂತ ಮನೆಯನ್ನೇ ಕಳೆದುಕೊಂಡರೆಂಬುದನ್ನು ಹಿರಿಯರು ಇಂದಿಗೂ ಕಣ್ಣೀರಿಟ್ಟು ಹೇಳುತ್ತಾರೆ. ಕೆಲವರ ಕಟ್ಟುಗಳಲ್ಲಿದ್ದ ವಚನಗಳು ಎಲ್ಲರ ಕೈಸೇರಿದ್ದು ಆ ತ್ಯಾಗದಿಂದ.

ಚಿತ್ರದ ಅಚ್ಚೂ ಇದೇ ಪುಣ್ಯವನ್ನು ಮಾಡಿದೆ. 1930ರಲ್ಲಿ ನಂದಲಾಲ್ ಬೋಸರು ದಂಡಿಗೆ ನಡೆದ ಗಾಂಧೀಜಿಯವರನ್ನು ಲಿನೋಲಿಯಂ ಹಾಳೆಯಲ್ಲಿ ಕೆತ್ತಿದರು. ಕಪ್ಪು ನೆಲ, ಅದರ ಮೇಲೆ ಬಿಳಿಯ ಗೆರೆಗಳಲ್ಲಿ ಕೋಲೂರಿ ನಡೆಯುವ ಮುದುಕ, ಅಷ್ಟೇ. ಕೈಯಲ್ಲಿ ಒತ್ತಬಹುದಾದ ಆ ಚಿತ್ರವನ್ನು ನೋಡದ ಭಾರತೀಯನಿಲ್ಲ. ಅದೇ ವರ್ಷ ಈ ಜಿಲ್ಲೆಯ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದೆ ಅಂಕೋಲೆ, ಸಿದ್ದಾಪುರದ ರೈತರು ಕರನಿರಾಕರಣೆಯಲ್ಲಿ ಹೊಲಮನೆ ಕಳೆದುಕೊಂಡರು. ತೈಲಚಿತ್ರವೊಂದು ಒಬ್ಬ ಶ್ರೀಮಂತನ ಗೋಡೆಯನ್ನು ಸೇರುತ್ತದೆ. ಅಚ್ಚಿನ ಚಿತ್ರವಾದರೋ ಹಲವು ಮನೆ ಸೇರುತ್ತದೆ, ಮತ್ತು ಹಾಗೆ ಸೇರಿದ ಪ್ರತಿಯೊಂದೂ ಮೂಲಚಿತ್ರವೇ ಹೊರತು ನಕಲಲ್ಲ. ಒಂದು ದೀಪದಿಂದ ಹಚ್ಚಿದ ಇನ್ನೊಂದು ದೀಪವನ್ನು ನಕಲಿ ದೀಪವೆನ್ನುವವರುಂಟೆ?

ಈ ವಿಚಾರಗಳೆಲ್ಲ ಮನಸ್ಸಿನಲ್ಲಿದ್ದುದರಿಂದಲೇ, ಆ ಮಧ್ಯಾಹ್ನ ಅವರು ಮಾಡಲಿದ್ದ ಕೆಲಸವನ್ನು ಕೇಳಿ ನಮಗೆ ಕಸಿವಿಸಿಯಾಯಿತು. ಸಹಸ್ರಲಿಂಗದ ಚಿತ್ರವಿದ್ದ ಒಂದು ದೊಡ್ಡ ಸಾಗುವಾನಿಯ ಹಲಗೆಯನ್ನು ಬೆಳಕಿಗೆ ತಂದಿಟ್ಟರು. ಎರಡು ಮಳೆಗಾಲದ ಕೆತ್ತನೆ. ನೀರಿನ ಸುಳಿ, ಬಂಡೆಯ ಬಿರುಕು, ನಂದಿಯ ಕೊರಳ ಗಂಟೆಗಳೆಲ್ಲ ಮರದಲ್ಲಿ ಬೆರಳಿಗೆ ತಾಗುತ್ತಿದ್ದವು. ಅದರಿಂದ ಮೂವತ್ತು ಅಚ್ಚುಗಳನ್ನು ತೆಗೆದು, ಒಂದೊಂದರ ಕೆಳಗೂ ಸೀಸದ ಕಡ್ಡಿಯಿಂದ 1/30, 2/30 ಎಂದು ಸಂಖ್ಯೆ ಹಾಕಿ, ಸಹಿ ಮಾಡಿ ಗ್ಯಾಲರಿಗೆ ಕಳುಹಿಸಿಯಾಗಿತ್ತು. ಈಗ ಹಲಗೆಯ ಮೇಲೆ ಉಳಿಯಿಂದ ಅಡ್ಡಗೆರೆ ಎಳೆದು, ಅದರಿಂದ ಇನ್ನೆಂದೂ ಅಚ್ಚು ಬಾರದಂತೆ ಮಾಡಬೇಕಿತ್ತು. ಅಚ್ಚಿನ ಕಲಾವಿದರಲ್ಲಿ ಹಲವರು ಪಾಲಿಸಿಕೊಂಡು ಬಂದಿರುವ ಪದ್ಧತಿಯಂತೆ ಇದು.

"ಹಲಗೆ ಇನ್ನೂ ಗಟ್ಟಿಯಾಗಿದೆ. ಇನ್ನೂ ನೂರು ಮನೆಗಳಿಗೆ ಈ ಹೊಳೆ ಹರಿಯಬಹುದು. ಅದನ್ನು ತಡೆಯುವುದೇಕೆ? ಬೆಲೆ ಏರಲೆಂದೇ?" ಎಂದು ಕೇಳಿದೆವು.

ಅವರು ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಬೆಲೆಯ ಮಾತೂ ಇದೆ, ಗುರುಗಳೇ, ಇಲ್ಲವೆನ್ನಲಾರೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಈ ಮನೆ ನಡೆದದ್ದು ಚಿತ್ರಗಳಿಂದ. ಆದರೆ ಕಾಗದದ ಕೆಳಗೆ ಬರೆದ ಆ ಸಂಖ್ಯೆ ಚಿತ್ರದ ಭಾಗವಲ್ಲ, ಅದು ನಾನು ಕೊಟ್ಟ ಮಾತು. ಮೂವತ್ತೊಂದನೆಯದನ್ನು ತೆಗೆದರೆ ಮೊದಲಿನ ಮೂವತ್ತೂ ಸುಳ್ಳಾಗುತ್ತವೆ."

"ನೀವು ತೆಗೆಯುವವರಲ್ಲವೆಂದು ನಮಗೆ ನಂಬಿಕೆಯಿದೆಯಲ್ಲ."

"ನಾನು ತೆಗೆಯುವುದಿಲ್ಲ. ನನ್ನ ನಂತರ?"

ಈ ಪ್ರಶ್ನೆಯಲ್ಲಿ ಎಲ್ಲವೂ ಅಡಗಿತ್ತು. ಒಬ್ಬಳೇ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಉಳಿ ಹಿಡಿಯುವ ಆಸೆ ಆಕೆಗಿಲ್ಲ, ಅದಕ್ಕಾಗಿ ತಂದೆತಾಯಿ ಆಕೆಯನ್ನು ದೂರುವುದೂ ಇಲ್ಲ. ಕಲಾವಿದರ ಬಲಗೈಯ ಹೆಬ್ಬೆರಳ ಗಂಟು ಊದಿಕೊಂಡಿದೆ, ಚಳಿಗಾಲದಲ್ಲಿ ಮಡಚಲು ಬರುವುದಿಲ್ಲ. ಮಾಲೀಕನಿಲ್ಲದ ಹಲಗೆಗಳು ನಾಳೆ ಯಾರ ಕೈಸೇರುವುವೋ ಬಲ್ಲವರಾರು? ಬಹಳ ಸಲ ಒತ್ತಿದರೆ ಮರದ ಸೂಕ್ಷ್ಮ ಗೆರೆಗಳು ಜಜ್ಜಿಹೋಗುತ್ತವೆ. ಜಪಾನಿನ ಹೊಕುಸಾಯಿಯ ಪ್ರಸಿದ್ಧ ಅಲೆಯ ಚಿತ್ರವನ್ನು 1831ರ ಸುಮಾರಿನಿಂದ ಸಾವಿರಾರು ಪ್ರತಿ ಒತ್ತಿದರು. ತಡವಾಗಿ ಒತ್ತಿದ ಪ್ರತಿಗಳಲ್ಲಿ ಗೆರೆಗಳು ಮುರಿದಿರುವುದನ್ನು ಬಲ್ಲವರು ಗುರುತಿಸುತ್ತಾರೆ. ತಾನಿಲ್ಲದಾಗ ಸವೆದ ಹಲಗೆಯಿಂದ ತನ್ನ ಹೆಸರಿನಲ್ಲಿ ಯಾರೋ ಅಚ್ಚು ತೆಗೆದು ಮಾರುವುದು ಅವರಿಗೆ ಬೇಡ. ಸಂಖ್ಯೆ ಮುಗಿದು, ಗೆರೆ ಎಳೆಯದೆ ಉಳಿದಿದ್ದ ಹಲಗೆಗಳು ಹನ್ನೊಂದು. ಬೆರಳಿನಲ್ಲಿ ಬಲವಿರುವಾಗಲೇ ಅಷ್ಟನ್ನೂ ತಮ್ಮ ಕೈಯಿಂದಲೇ ಮುಗಿಸಬೇಕೆಂದು ಅವರು ನಿಶ್ಚಯಿಸಿದ್ದರು. ನಾವು ಕಂಡದ್ದು ಅವುಗಳಲ್ಲಿ ಮೊದಲನೆಯದು.

ಅವರು ಅಗಲಬಾಯಿಯ ಉಳಿಯನ್ನು ಆರಿಸಿಕೊಂಡರು. ಮನೆಯೊಡತಿ ಹಲಗೆಯನ್ನು ಎರಡೂ ಕೈಗಳಿಂದ ಹಿಡಿದರು. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಗೆರೆ ಇಳಿಯಿತು. ಹೊಳೆಯನ್ನು, ಬಂಡೆಯನ್ನು, ಒಂದು ನಂದಿಯ ಬೆನ್ನನ್ನು ದಾಟಿ ಹೋಯಿತು. ಹೆಬ್ಬೆರಳು ನೋಯುತ್ತಿದ್ದುದರಿಂದ ನಡುವೆ ಎರಡು ಸಲ ನಿಲ್ಲಬೇಕಾಯಿತು. ನಾವು ಯಾರೂ ಮಾತಾಡಲಿಲ್ಲ. ಬಳಿಕ ಗೆರೆಬಿದ್ದ ಹಲಗೆಗೆ ಮಸಿ ಹಚ್ಚಿ, ಪುರಾವೆಗಾಗಿ ಒಂದೇ ಒಂದು ಅಚ್ಚು ತೆಗೆದರು. ಅದು ಗ್ಯಾಲರಿಗೆ ಹೋಗತಕ್ಕದ್ದು. ಹಲಗೆಯನ್ನು ಮಾತ್ರ ಸುಡುವುದಿಲ್ಲ. ಒರೆಸಿ ಜಗುಲಿಯ ಗೋಡೆಗೆ ಮೊಳೆಹೊಡೆದು ನಿಲ್ಲಿಸುತ್ತಾರೆ. ಬಂದವರು ಕೈಯಾಡಿಸಿ ನೋಡಬಹುದು.

ಆಗ ಮನೆಯೊಡತಿ ಒಳಗಿನಿಂದ ಒಂದು ಬುಟ್ಟಿ ತಂದರು. ಅದರಲ್ಲಿ ಅಂಗೈಯಗಲದ ಹಲಸಿನ ಹಲಗೆಗಳಿದ್ದವು: ಒಂದು ಲಿಂಗ, ಒಂದು ನಂದಿ, ಅಡಿಕೆಯ ಗೊನೆ, ಸಂಕ ದಾಟುವ ಶಾಲೆಯ ಹುಡುಗಿ, ಮಂಗಟ್ಟೆ ಹಕ್ಕಿ. "ಇವಕ್ಕೆ ಸಂಖ್ಯೆ ಇಲ್ಲ" ಎಂದರು. ಬೇಸಿಗೆಯಲ್ಲಿ ಊರಿನ ಮಕ್ಕಳು ಬಂದು ತಾವೇ ಮಸಿ ಹಚ್ಚಿ, ತಾವೇ ಹಾಳೆಯ ಬಿಲ್ಲೆಯಿಂದ ಉಜ್ಜಿ, ಬೇಕಾದಷ್ಟು ಅಚ್ಚು ಒಯ್ಯುತ್ತಾರೆ. ಗೃಹಪ್ರವೇಶಕ್ಕೆ, ಮದುವೆಗೆ ಬೇಕೆಂದು ಕೇಳಿದವರಿಗೆ ಕಾಗದದ ಖರ್ಚಿಗೆ ಕೊಡುತ್ತಾರೆ. ಇವುಗಳ ಮೇಲೆ ಅಡ್ಡಗೆರೆ ಬೀಳುವುದಿಲ್ಲವೇ ಎಂದು ಕೇಳಿದೆವು. ಕಲಾವಿದರು ಹೇಳಿದರು: "ಇಲ್ಲ. ಸವೆಯುವವರೆಗೆ ಒತ್ತಲಿ. ಹೊಳೆಯಲ್ಲಿರುವ ಲಿಂಗವೂ ಸವೆಯುತ್ತಲೇ ಇದೆಯಲ್ಲ. ನಾನಿಲ್ಲದಾಗ ಈ ಬುಟ್ಟಿ ಶಾಲೆಗೆ ಹೋಗುತ್ತದೆ, ಮಾಸ್ತರರಿಗೆ ಆಗಲೇ ಹೇಳಿಯಾಗಿದೆ."

ನಮ್ಮ ಶರಣರು ಕಾಯಕವನ್ನೂ ದಾಸೋಹವನ್ನೂ ಜೊತೆಯಾಗಿಯೇ ಹೇಳಿದ್ದೇಕೆಂಬುದಕ್ಕೆ ಇಲ್ಲಿ ಒಂದು ಉತ್ತರವಿದೆಯೆಂದು ನಮಗೆ ತೋರುತ್ತದೆ. ಕಾಯಕಕ್ಕೆ ಸತ್ಯಶುದ್ಧಿ ಬೇಕು. ಕೊಟ್ಟ ಮಾತಿಗೆ, ತೆಗೆದುಕೊಂಡ ಬೆಲೆಗೆ ಲೆಕ್ಕವಿರಬೇಕು. ಆ ಲೆಕ್ಕವನ್ನು ಕಾಯಲು ಎರಡು ಮಳೆಗಾಲದ ದುಡಿಮೆಯ ಮೇಲೆ ಗೆರೆ ಎಳೆಯಬೇಕಾಗಿ ಬಂದರೂ ಎಳೆಯಬೇಕು. ದಾಸೋಹಕ್ಕೆ ಆ ಲೆಕ್ಕ ಸಲ್ಲದು; ಅಲ್ಲಿ ಮರ ಸವೆಯುವವರೆಗೂ ಕೈ ಚಾಚಿಯೇ ಇರಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವನ ಮನೆ ನಡೆಯದು, ಅಥವಾ ನಡೆದರೂ ಬೆಳಗದು. ಈ ದಂಪತಿಗಳು ಎರಡನ್ನೂ ಒಂದೇ ಅಟ್ಟದ ಮೇಲೆ ಇಟ್ಟುಕೊಂಡಿದ್ದಾರೆ.

ಓದುಗ ಬಂಧುಗಳಿಗೆ ಕೆಲವು ಮಾತುಗಳು. ಸಹಸ್ರಲಿಂಗವನ್ನು ನೋಡಲು ಕಾರ್ತಿಕದಿಂದ ಫಾಲ್ಗುಣದವರೆಗಿನ ಕಾಲ ಉತ್ತಮ. ಮಹಾಶಿವರಾತ್ರಿಯ ದಿನ ಜನಸಂದಣಿ ಬಹಳ. ಮಳೆಗಾಲದಲ್ಲಿ ಲಿಂಗಗಳೂ ಕಾಣವು, ಹೊಳೆಗಿಳಿಯುವುದೂ ಅಪಾಯ. ಬಂಡೆಯಿಂದ ಬಂಡೆಗೆ ದಾಟುವಾಗ ಕೆತ್ತನೆಯ ಮೇಲೆ ಕಾಲಿಡದಂತೆ ಮಕ್ಕಳಿಗೆ ತಿಳಿಹೇಳಬೇಕು. ನೀರು ಮುನ್ನೂರು ವರ್ಷಗಳಲ್ಲಿ ಸವೆಸಿದ್ದು ಸಾಲದೆಂಬಂತೆ ನಾವೂ ಸವೆಸುವುದು ಬೇಡ.

ಮನೆಗೆ ಚಿತ್ರ ಕೊಳ್ಳುವಾಗ ಕೈಯಚ್ಚನ್ನು ಯಂತ್ರದ ಮುದ್ರಣದಿಂದ ಬೇರ್ಪಡಿಸುವುದು ಕಷ್ಟವಲ್ಲ. ಭೂತಗನ್ನಡಿಯಿಂದ ನೋಡಿದರೆ ಯಂತ್ರದ ಬಣ್ಣಚಿತ್ರದಲ್ಲಿ ಸಣ್ಣ ಚುಕ್ಕೆಗಳ ಸಾಲು ಕಾಣುತ್ತದೆ; ಮರದ ಅಚ್ಚಿನಲ್ಲಿ ಅದಿರುವುದಿಲ್ಲ, ಬದಲಿಗೆ ಕೆಲವೊಮ್ಮೆ ಮರದ ನಾರಿನ ಗುರುತು ಕಾಣುತ್ತದೆ. ಕಾಗದದ ಬೆನ್ನಿನಲ್ಲಿ ಉಜ್ಜಿದ ಗುರುತೂ ಇರಬಹುದು. ಸಂಖ್ಯೆ, ಸಹಿಗಳು ಸೀಸದ ಕಡ್ಡಿಯಿಂದ ಬರೆದವಾಗಿರುವುದು ವಾಡಿಕೆ. ಮಕ್ಕಳಿಗೆ ಈ ಕಲೆಯ ರುಚಿ ಹತ್ತಿಸಲು ಹಲಗೆಯೂ ಬೇಡ, ಉಳಿಯೂ ಬೇಡ. ಅಡುಗೆಮನೆಯ ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದು ಬಣ್ಣದಲ್ಲಿ ಅದ್ದಿ ಕಾಗದಕ್ಕೆ ಒತ್ತಿದರೆ ಹೂವೊಂದು ಮೂಡುತ್ತದೆ; ಆಲೂಗಡ್ಡೆಯ ಹೋಳಿನಲ್ಲಿ ತಾಯಿಯೇ ಒಂದು ಅಕ್ಷರವನ್ನು ತಿರುವುಮುರುವಾಗಿ ಕೊರೆದುಕೊಡಬಹುದು.

ಬೀಳ್ಕೊಡುವಾಗ ಆ ದಂಪತಿಗಳು ಬುಟ್ಟಿಯ ಲಿಂಗದ ಅಚ್ಚೊಂದನ್ನು ನಮಗೆ ಕೊಟ್ಟರು. ಸಂಖ್ಯೆಯೂ ಇಲ್ಲ, ಸಹಿಯೂ ಇಲ್ಲ. ಅಂಚಿನಲ್ಲಿ ಯಾವುದೋ ಮಗುವಿನ ಮಸಿಬೆರಳಿನ ಗುರುತು ಮಾತ್ರ ಇದೆ. ನಮ್ಮ ಪಾಠದ ಕೋಣೆಯಲ್ಲಿ ಅದಕ್ಕೆ ಸ್ಥಳ ಮಾಡಿದ್ದೇವೆ. ಉಳಿದ ಹತ್ತು ಹಲಗೆಗಳ ಕೆಲಸವನ್ನು ಪೂರೈಸುವಷ್ಟು ಬಲವು ಅವರ ಹೆಬ್ಬೆರಳಿಗಿರಲಿ, ಬುಟ್ಟಿಯ ಹಲಗೆಗಳನ್ನು ಸವೆಸುವಷ್ಟು ಮಕ್ಕಳು ಆ ಸಂಕವನ್ನು ದಾಟಲಿ ಎಂದು ಹಾರೈಸುತ್ತೇವೆ.